ಸಾಬೂನಿನ ಓಣಿಯಲ್ಲಿ ಕೊಟ್ಟ ಮಾತು

ಸ್ಯಾನ್ ಡಿಯಾಗೋದ ಫೋರ್ ಎಸ್ ರ್ಯಾಂಚಿನ ರೇಖಾಳ ಮನೆಯಲ್ಲಿ ಊಟವಾಯಿತೆಂದರೆ ನೀಲಾಳ ಸಾಬೂನಿನ ಕಥೆ ಆಗಲೇಬೇಕು. ಪಾಯಸ ತಪ್ಪಿದರೂ ನಡೆದೀತು, ಅದು ತಪ್ಪುವಂತಿರಲಿಲ್ಲ. 2016ರ ನವೆಂಬರಿನ ಆ ಭಾನುವಾರ ರಾಜ್ಯೋತ್ಸವದ ನಾಟಕಕ್ಕೆ ರಿಹರ್ಸಲ್ ಎಂದು ಎಲ್ಲರನ್ನೂ ಕರೆದಿದ್ದರು. ರಿಹರ್ಸಲ್ ಇಪ್ಪತ್ತು ನಿಮಿಷ ನಡೆಯಿತು, ಊಟ ಎರಡು ಗಂಟೆ. ಬಿಸಿಬೇಳೆಬಾತಿನ ಟ್ರೇಯ ತಳ ಕಂಡ ಮೇಲೆ ರೇಖಾ ಸೋಫಾದ ತೋಳಿನ ಮೇಲೆ ಕೂತು, "ನೀಲಾ, ಇವರೆಲ್ಲ ಹೊಸಬರು, ಕೇಳಿಲ್ಲ. ಆ ಸಿರಿಯಾದ ಸೋಪಿನ ಅಂಗಡಿದು ಹೇಳೇ" ಎಂದಳು.

ನೀಲಾ ಗಂಡ ಸುಮಂತನ ಜೊತೆ ಲಾಸ್ ಏಂಜಲೀಸಿನ ಪೋರ್ಟರ್ ರ್ಯಾಂಚಿನಿಂದ ಎರಡೂವರೆ ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದಳು. ಬೇಡ ಬೇಡ ಎಂದು ಎರಡು ಸಲ ಅಂದು, ಮೂರನೆಯ ಸಲಕ್ಕೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಹೇಳುವ ಕಲೆ ಅವಳಿಗಿತ್ತು, ಇಲ್ಲ ಎನ್ನುವ ಹಾಗಿಲ್ಲ.

"ನಮ್ಮಜ್ಜಿ ಗುರುಶಾಂತವ್ವ ಅಂತ, ರಾಣೆಬೆನ್ನೂರಿನವರು. ಮನೆಯಿಂದ ಹೊರಡೋವಾಗ ಯಾರಾದ್ರೂ 'ಹೋಗ್ತೀನಿ' ಅಂದ್ರೆ ಮುಗೀತು, ವಾಪಸ್ ಕರೆದು ಕೂರಿಸಿ, ನೀರು ಕುಡಿಸಿ, 'ಹೋಗ್ತೀನಿ ಅಂದಾಕಿ ತಿರುಗಿ ಬರೂದಿಲ್ಲವ್ವಾ, ಬರ್ತೀನಿ ಅನ್ನು' ಅಂತ ಹೇಳ್ಸಿ ಕಳಿಸೋರು. ಈ ಅಭ್ಯಾಸ ಕಟ್ಕೊಂಡು ನಾನು ಅಲೆಪ್ಪೊಗೆ ಹೋದೆ."

ಕಥೆ ಇಷ್ಟು. ಆರು ವರ್ಷದ ಹಿಂದೆ ನೀಲಾ ಪಸಡೀನಾದಲ್ಲಿ ಪೋಸ್ಟ್‌ಡಾಕ್ ಆಗಿದ್ದಳು. ಉಪಗ್ರಹದ ಚಿತ್ರದಿಂದ ಮಣ್ಣಿನ ತೇವ ಅಳೆಯುವುದು ಅವಳ ಕೆಲಸ. ಅದರ ಮೇಲೊಂದು ಸಮ್ಮೇಳನಕ್ಕೆ ಸಿರಿಯಾದ ಅಲೆಪ್ಪೊ ನಗರಕ್ಕೆ ಹೋದವಳು ಅಲ್ಲಿನ ಹಳೆಯ ಪೇಟೆ ನೋಡಲು ಹೊರಟಳು. ಅಲ್ಲೊಬ್ಬ ಸಾಬೂನಿನ ವ್ಯಾಪಾರಿ ಮೂರು ಲೋಟ ಚಹಾ ಕುಡಿಸಿದ. ಎದ್ದು ಹೊರಡುವಾಗ ಅವಳ ಬಾಯಿಂದ ನಮ್ಮ "ಬರ್ತೀನಿ" ಇಂಗ್ಲಿಷಿನ ಅಂಗಿ ತೊಟ್ಟು ಹೊರಬಿತ್ತು: "ಐ ವಿಲ್ ಕಮ್." ವ್ಯಾಪಾರಿ ಎದೆಯ ಮೇಲೆ ಕೈಯಿಟ್ಟು, "ಟುಮಾರೋ?" ಎಂದ. ಕಥೆ ಇಲ್ಲಿಗೆ ಬಂದಾಗ ನೀಲಾ ಒಂದು ಗಳಿಗೆ ಸುಮ್ಮನಾಗಿ, ಎಲ್ಲರ ಮುಖ ನೋಡಿ, "ಪಾಪ, ಇನ್ನೂ ಕಾಯ್ತಾ ಇದಾನೋ ಏನೋ" ಎನ್ನುತ್ತಿದ್ದಳು.

ಎಲ್ಲರೂ ನಕ್ಕರು. ಹೊಸದಾಗಿ ಬಂದ ಹುಡುಗಿ ಪ್ರೇರಣಾ ಕಣ್ಣೊರೆಸಿಕೊಂಡು, ತಾನೂ ಆಫೀಸಿನಲ್ಲಿ ಮ್ಯಾನೇಜರಿಗೆ ಹೀಗೇ "ಗೋ ಅಂಡ್ ಕಮ್" ಅಂದದ್ದನ್ನು ಹೇಳಿದಳು. ಆ ಪೇಟೆ 2012ರಲ್ಲಿ ಯುದ್ಧದ ಬೆಂಕಿಗೆ ಸುಟ್ಟುಹೋಗಿತ್ತು. ಕಥೆಯಲ್ಲಿ ಅದು ಬರುತ್ತಿರಲಿಲ್ಲ. ಬಂದಿದ್ದರೆ ಯಾರು ನಗುತ್ತಿದ್ದರು?

ನಗು ಇನ್ನೂ ಆರಿರಲಿಲ್ಲ, ಅವಳ ಫೋನಿಗೆ ಮೆಸೇಜು ಬಂತು. ರೀಮ್ ಕಳಿಸಿದ್ದು. ರೇಖಾ ಫೇಸ್‌ಬುಕ್ಕಿಗೆ ಹಾಕಿದ್ದ ಊಟದ ಫೋಟೋ ನೋಡಿದ್ದಳು. "ನೀನು ಸ್ಯಾನ್ ಡಿಯಾಗೋದಲ್ಲೇ ಇದ್ದೀಯ. ಅಪ್ಪ ಬಂದು ಮೂರು ವಾರವಾಯಿತು. ನಿನ್ನನ್ನು ಕೇಳುತ್ತಲೇ ಇದ್ದಾರೆ. ನಾವಿರುವ ಎಲ್ ಕಹೋನ್‌ಗೆ ಅಲ್ಲಿಂದ ಅರ್ಧ ಗಂಟೆ. ಬಾ."

ರೀಮ್ ಎಂದರೆ ಪಸಡೀನಾದಲ್ಲಿ ನೀಲಾಳ ಪಕ್ಕದ ಮೇಜಿನವಳು. ಅಲೆಪ್ಪೊದವಳು. ಆ ಸಾಬೂನಿನ ವ್ಯಾಪಾರಿ ಅವಳ ಅಪ್ಪ. ಇದೂ ಕಥೆಯಲ್ಲಿ ಬರುತ್ತಿರಲಿಲ್ಲ.

ನೀಲಾಳ ಮುಖ ನೋಡಿ ಸುಮಂತ್, "ಏನಾಯ್ತು?" ಎಂದ.

"ರೀಮ್ ಅಪ್ಪ ಬಂದಿದಾರಂತೆ. ನೋಡ್ಕೊಂಡು ಬರ್ಬೇಕು."

"ಹೋಗ್ಬಾ. ನಾನು ಇಲ್ಲೇ ಇವರೆಲ್ಲರ ಜೊತೆ ಇರ್ತೀನಿ." ಅವನಿಗೂ ಗೊತ್ತಿದ್ದದ್ದು ನಗಿಸುವ ಕಥೆ ಮಾತ್ರ.

ಹದಿನೈದನೇ ನಂಬರಿನ ಫ್ರೀವೇಯಲ್ಲಿ ದಕ್ಷಿಣಕ್ಕೆ ಹೋಗುತ್ತ ನೀಲಾ ಎರಡು ಸಲ ಎಕ್ಸಿಟ್ ತೆಗೆದುಕೊಂಡು ತಿರುಗಿಬಿಡಲೇ ಎಂದು ಯೋಚಿಸಿದಳು. ತಲೆನೋವು ಅನ್ನಬಹುದು. ಮಗಳಿಗೆ ಜ್ವರ ಅನ್ನಬಹುದು, ಮಗಳು ಇಲ್ಲದಿದ್ದರೇನು, ರೀಮಳ ಅಪ್ಪನಿಗೆ ಹೇಗೆ ತಿಳಿಯಬೇಕು. ಸುಳ್ಳು ಎಷ್ಟು ಬೇಗ ಕೈಗೆ ಸಿಗುತ್ತದೆ ಎಂದು ಅವಳಿಗೇ ಹೇಸಿಗೆಯಾಯಿತು.

ನಿಜವಾಗಿ ನಡೆದದ್ದು ಹೀಗೆ. ಹೊರಡುವ ವಾರ ರೀಮ್ ಅವಳ ಮೇಜಿಗೆ ಬಂದು ಅರಬ್ಬಿಯಲ್ಲಿ ಬರೆದ ಒಂದು ಚೀಟಿ ಕೊಟ್ಟಿದ್ದಳು. "ಪೇಟೆಯಲ್ಲಿ ಯಾರಿಗಾದರೂ ತೋರಿಸು, ಕರೆದುಕೊಂಡು ಹೋಗುತ್ತಾರೆ. ಅಪ್ಪ ನನಗೊಂದು ಗಂಟು ಕೊಡುತ್ತಾರೆ. ತರುತ್ತೀಯಾ?" ರೀಮಳ ಗ್ರೀನ್ ಕಾರ್ಡಿನ ಕಾಗದಪತ್ರ ಇನ್ನೂ ಆಗಿರಲಿಲ್ಲ, ನಾಲ್ಕು ವರ್ಷದಿಂದ ಊರು ಕಂಡಿರಲಿಲ್ಲ. ನೀಲಾ, "ಅದೇನು ದೊಡ್ಡ ವಿಷಯ" ಎಂದಿದ್ದಳು.

ಅಲೆಪ್ಪೊದ ಪೇಟೆ ಅವಳಿಗೆ ಮೊದಲ ನೋಟಕ್ಕೇ ಹಿಡಿಸಿತು. ತಲೆಯ ಮೇಲೆ ಉದ್ದಕ್ಕೂ ಕಲ್ಲಿನ ಕಮಾನು, ಕಮಾನಿನಲ್ಲಿ ಅಲ್ಲಲ್ಲಿ ಕಿಂಡಿ, ಕಿಂಡಿಯಿಂದ ನೆಲದವರೆಗೆ ನೆಟ್ಟಗೆ ಇಳಿದ ಬಿಸಿಲು. ಒಂದೊಂದು ಓಣಿಗೆ ಒಂದೊಂದು ಸರಕು. ಹಗ್ಗದ ಓಣಿಯಲ್ಲಿ ಬರೀ ಹಗ್ಗ, ಮಸಾಲೆಯ ಓಣಿಯಲ್ಲಿ ಜೀರಿಗೆ, ಒಣಗಿದ ಗುಲಾಬಿ ಮೊಗ್ಗು, ಹೆಸರು ಗೊತ್ತಿಲ್ಲದ ಹಸಿರು ಪುಡಿಗಳ ಗುಡ್ಡೆ. ಹೇರು ಹೊತ್ತ ಕತ್ತೆಯನ್ನು ಹೊಡೆದುಕೊಂಡು ಬರುವವನು ಹಿಂದಿನಿಂದ ಏನೋ ಕೂಗಿದರೆ ಭಾಷೆ ಬಾರದ ನೀಲಾಳೂ ಗೋಡೆಗೆ ಒತ್ತಿ ನಿಂತಳು. ದಾರಿ ಬಿಡಿ ಎನ್ನುವ ದನಿ ಹುಬ್ಬಳ್ಳಿಯಲ್ಲೂ ಅಲ್ಲೂ ಒಂದೇ. ಚೀಟಿ ನೋಡಿದ ಹಗ್ಗದವನು ತನ್ನ ಅಂಗಡಿಯನ್ನು ಹಾಗೇ ಬಿಟ್ಟು ಅವಳನ್ನು ಬಟ್ಟೆಯವನ ತನಕ ಕರೆದೊಯ್ದ. ಬಟ್ಟೆಯವನು ತಾಮ್ರದವನ ತನಕ. ಹೀಗೆ ನಾಲ್ಕು ಜನ ಅವಳನ್ನು ಕೈಯಿಂದ ಕೈಗೆ ದಾಟಿಸಿ ಮುಸ್ತಫಾ ಸಬೂನಿಯವರ ಅಂಗಡಿಯ ಮುಂದೆ ನಿಲ್ಲಿಸಿದರು.

ಅಂಗಡಿಯ ತುಂಬ ಇಟ್ಟಿಗೆ ಜೋಡಿಸಿದಂತೆ ಸಾಬೂನು. ಮುಸ್ತಫಾ ಒಂದನ್ನು ತೆಗೆದು ಚಾಕುವಿನಿಂದ ಎರಡು ಮಾಡಿದರು. ಹೊರಗೆ ಬೆಲ್ಲದ ಬಣ್ಣ, ಒಳಗೆ ಹಸಿರು. "ಸಾಬೂನ್" ಎಂದರು. ನೀಲಾ ಹಿಗ್ಗಿಹೋಗಿ, "ನಮ್ಮ ಭಾಷೆಯಲ್ಲೂ ಸಾಬೂನು" ಎಂದಳು. ಅವರಿಗೆ ನಂಬಿಕೆಯಾಗಲಿಲ್ಲ. ಮತ್ತೆ ಹೇಳಿಸಿದರು. ಆಮೇಲೆ ಪಕ್ಕದ ದಾರದ ಅಂಗಡಿಯವರನ್ನು, ಎದುರಿನವರನ್ನು ಕರೆದು ಅವರ ಮುಂದೆ ಹೇಳಿಸಿದರು. ಈಕೆ ನಮ್ಮವಳು ಎಂದು ಓಣಿಗೆಲ್ಲ ಸಾರಿ, ತಾವೇ ಕೆಟಲಿನಿಂದ ಸಣ್ಣ ಗಾಜಿನ ಲೋಟಕ್ಕೆ ಚಹಾ ಬಗ್ಗಿಸಿದರು. ಅವರಿಗೆ ಬರುತ್ತಿದ್ದದ್ದು ಇಪ್ಪತ್ತು ಇಂಗ್ಲಿಷ್ ಮಾತು. ದಾರದ ಅಂಗಡಿಯವರಿಗೆ ತುಸು ಹೆಚ್ಚು ಬರುತ್ತಿತ್ತು, ಅವರೇ ತಿಳಿಸಿ ಹೇಳಿದರು: ಗಂಟನ್ನು ಹೆಂಡತಿ ಮನೆಯಲ್ಲಿ ಕಟ್ಟುತ್ತಿದ್ದಾಳೆ, ನಾಳೆ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಇಲ್ಲಿರುತ್ತದೆ, ಬರುತ್ತೀರಲ್ಲ?

"ಐ ವಿಲ್ ಕಮ್" ಎಂದು ಎದ್ದಳು ನೀಲಾ. ಅಷ್ಟು ನಾಲಿಗೆಯ ಅಭ್ಯಾಸವೇ ಇರಬಹುದು, ಒಪ್ಪೋಣ. ಆದರೆ "ಟುಮಾರೋ?" ಎಂದು ಅವರು ಕೇಳಿದಾಗ ಅವಳು ಹೌದೆಂದು ಗೋಣು ಆಡಿಸಿದಳು. ಗೋಣು ಆಡಿಸಿದ್ದನ್ನು ಅಜ್ಜಿಯ ತಲೆಗೆ ಕಟ್ಟುವುದು ಹೇಗೆ?

ಸಂಜೆ ಹೋಟೆಲಿನ ರೂಮಿನಲ್ಲಿ ಕೂತಾಗ ಅವಳಿಗೆ ಲಾಸ್ ಏಂಜಲೀಸಿನ ವಿಮಾನ ನಿಲ್ದಾಣ ನೆನಪಾಯಿತು. ವೀಸಾ ನೆನಪಾಯಿತು. ನಿಮ್ಮ ಚೀಲ ನೀವೇ ತುಂಬಿದಿರಾ, ಯಾರಾದರೂ ಏನಾದರೂ ಕೊಟ್ಟರಾ ಎನ್ನುವ ಪ್ರಶ್ನೆ ನೆನಪಾಯಿತು. ಪಾಸ್‌ಪೋರ್ಟಿನಲ್ಲಿ ಸಿರಿಯಾದ ಮುದ್ರೆ, ಕೈಯಲ್ಲಿ ಅಪರಿಚಿತನ ಗಂಟು. ಅಪರಿಚಿತ ಅರಬನ ಗಂಟು, ಎಂದು ಮನಸ್ಸು ತಿದ್ದಿತು. ಮೂರು ಲೋಟ ಚಹಾ ಕುಡಿದು ಬಂದ ಅಂಗಡಿಯ ಬಗ್ಗೆ, ನಾಲ್ಕು ವರ್ಷ ಪಕ್ಕದಲ್ಲಿ ಕೂತು ಡಬ್ಬಿಯ ಊಟ ಹಂಚಿಕೊಂಡ ಗೆಳತಿಯ ಅಪ್ಪನ ಬಗ್ಗೆ ಅವಳು ಹಾಗೆ ಯೋಚಿಸಿದಳು. ಯಾರೂ ಹೇಳಿಕೊಡಲಿಲ್ಲ.

ಮರುದಿನ ಮಧ್ಯಾಹ್ನ ಬಿಡುವಿತ್ತು. ಹೋಟೆಲಿನಲ್ಲೇ ಇದ್ದಿದ್ದರೂ ಆಗುತ್ತಿತ್ತು, ಆದರೆ ಪೇಟೆಯ ಆಸೆ ಬಿಡಲಿಲ್ಲ. ಇನ್ನೊಂದು ಬಾಗಿಲಿನಿಂದ ಒಳಗೆ ಹೋಗಿ ತನಗೆಂದು ಪಿಸ್ತಾ ಕೊಂಡಳು, ಮೇಜಿನ ಹಾಸು ಕೊಂಡಳು. ವಾಪಸು ಬರುವಾಗ ದಾರಿ ತಪ್ಪಿ ಹಗ್ಗದ ಓಣಿಯ ಇನ್ನೊಂದು ತುದಿಗೆ ಬಂದುಬಿಟ್ಟಳು. ಅಲ್ಲಿಂದ ಸಾಬೂನಿನ ಓಣಿ ಕಾಣುತ್ತಿತ್ತು, ಮುಸ್ತಫಾ ಸಬೂನಿ ಅಂಗಡಿಯ ಹೊರಗೆ ಸ್ಟೂಲು ಹಾಕಿಕೊಂಡು ಕೂತಿದ್ದರು. ಮಡಿಲಲ್ಲಿ ನೀಲಿ ಚೌಕಳಿಯ ಬಟ್ಟೆಯ ಗಂಟು, ಅದರ ಮೇಲೆ ಎರಡೂ ಕೈ. ಅವಳು ಬರಬೇಕಾದ ದೊಡ್ಡ ಬಾಗಿಲಿನ ಕಡೆಗೆ ನೋಡುತ್ತಿದ್ದರು. ನೀಲಾ ತೂಗುಬಿಟ್ಟ ಹಗ್ಗದ ಸುರುಳಿಗಳ ಹಿಂದೆ ನಿಂತು ಅವರನ್ನು ನೋಡಿದಳು. ಒಂದು ನಿಮಿಷ ನಿಂತಿರಬಹುದು. ಆಮೇಲೆ ಬಂದ ದಾರಿಯಲ್ಲೇ ತಿರುಗಿ ನಡೆದಳು.

ಪಸಡೀನಾಕ್ಕೆ ಬಂದು ರೀಮಳಿಗೆ, "ಎಷ್ಟು ಸುತ್ತಿದರೂ ಅಂಗಡಿ ಸಿಗಲಿಲ್ಲ" ಎಂದಳು. ರೀಮ್ ಅವಳನ್ನು ಸ್ವಲ್ಪ ಹೊತ್ತು ನೋಡಿ, "ಹೌದು, ಅಲ್ಲಿ ಎಲ್ಲರೂ ದಾರಿ ತಪ್ಪುತ್ತಾರೆ" ಎಂದಳು. ನೀಲಾ ಅವಳಿಗೆ ಅರ್ಧ ಪಿಸ್ತಾ ಕೊಟ್ಟಳು. ಎರಡು ವರ್ಷದ ಮೇಲೆ ಪೇಟೆ ಉರಿಯುವುದನ್ನು ರೀಮ್ ಆಫೀಸಿನ ಕಂಪ್ಯೂಟರಿನಲ್ಲಿ ನೋಡುತ್ತ ಕೂತಿದ್ದಾಗ ನೀಲಾ ಕಾಫಿ ತಂದಿಟ್ಟು ತನ್ನ ಮೇಜಿಗೆ ಹೋದಳು. ಅಪ್ಪ ಅಮ್ಮ ಗಡಿ ದಾಟಿ ಟರ್ಕಿ ಸೇರಿದರು, ಅಮ್ಮ ಅಲ್ಲೇ ತೀರಿಕೊಂಡರು, ಎಂಬುದೆಲ್ಲ ಒಂದೊಂದಾಗಿ ತಿಳಿಯಿತು. ಅಷ್ಟರಲ್ಲಿ ರೀಮ್ ಸ್ಯಾನ್ ಡಿಯಾಗೋಗೆ ಬಂದಿದ್ದಳು, ಪೌರತ್ವ ಸಿಕ್ಕಿದ ಕೂಡಲೇ ಅಪ್ಪನಿಗೆ ಅಪ್ಲೈ ಮಾಡಿದ್ದಳು. ನೀಲಾ ಕನ್ನಡದವರ ಮನೆಗಳಲ್ಲಿ ಕಥೆ ಹೇಳುತ್ತಿದ್ದಳು. ನಗಿಸುತ್ತ ನಗಿಸುತ್ತ, ಅದೆಲ್ಲ ಬರೀ ಭಾಷೆಯ ಎಡವಟ್ಟು ಎಂದು ಅವಳೇ ಅರ್ಧ ನಂಬಿದ್ದಳು.

ಎಲ್ ಕಹೋನಿನ ಅಪಾರ್ಟ್‌ಮೆಂಟಿನ ಕೆಳಗೆ, ಕಾರು ನಿಲ್ಲಿಸುವಲ್ಲೇ ರೀಮ್ ಕಾಯುತ್ತಿದ್ದಳು. ಅಪ್ಪಿಕೊಂಡಳು. ಆದರೆ ಮೆಟ್ಟಿಲು ಹತ್ತಲು ಬಿಡಲಿಲ್ಲ.

"ಒಳಗೆ ಹೋಗುವ ಮೊದಲು ಒಂದು ಮಾತು. ಅಂಗಡಿ ಸಿಗಲಿಲ್ಲ ಎಂದು ನೀನು ನನಗೆ ಹೇಳಿದ್ದೆಯಲ್ಲ, ಅದನ್ನು ನಾನು ಅಪ್ಪನಿಗೆ ಹೇಳಿಲ್ಲ."

ನೀಲಾಳ ಕಿವಿ ಬಿಸಿಯಾಯಿತು.

"ನೀನು ವಾಪಸು ಬರುವ ಮೊದಲೇ ಅಪ್ಪ ಫೋನ್ ಮಾಡಿದ್ದರು. ನಿನ್ನ ಗೆಳತಿ ಬಂದಿದ್ದಳು, ಮೂರು ಲೋಟ ಚಹಾ ಕುಡಿದಳು, ನಮ್ಮ ಹಾಗೇ ಸಾಬೂನ್ ಅನ್ನುತ್ತಾಳೆ ಅಂತ."

"ನಿನಗೆ ಗೊತ್ತಿತ್ತು," ಎಂದಳು ನೀಲಾ. "ಆರು ವರ್ಷ ನೀನು ಒಂದು ಸಲವೂ ಕೇಳಲಿಲ್ಲ."

"ಕೇಳಿದರೆ ನೀನು ಇನ್ನೊಂದು ಸುಳ್ಳು ಹೇಳುತ್ತಿದ್ದೆ. ಆಗ ನನಗೆ ಆ ಆಫೀಸಿನಲ್ಲಿ ಇದ್ದವಳು ನೀನೊಬ್ಬಳೇ."

ಆರು ವರ್ಷ ಕೇಳದೇ ಉಳಿದಿದ್ದನ್ನು ನೀಲಾ ಆಗ ಕೇಳಿದಳು. "ಗಂಟಿನಲ್ಲಿ ಏನಿತ್ತು?"

"ಸಾಬೂನು. ಅಮ್ಮ ಕೈಯಾರೆ ಬರೆದ ಅಡುಗೆಯ ನೋಟ್‌ಬುಕ್ಕು. ನಾನು ಚಿಕ್ಕವಳಿದ್ದಾಗಿನ ಫೋಟೋಗಳು, ಅಮ್ಮನ ಮದುವೆಯ ಫೋಟೋ. ನಾನೇ ಕೇಳಿ ತರಿಸಿದ್ದೆ. ಅಮೆರಿಕಕ್ಕೆ ಹೋಗುವವರು ಇನ್ನ್ಯಾರಾದರೂ ಸಿಕ್ಕರೆ ಕೊಡೋಣ ಎಂದು ಅಪ್ಪ ಅದನ್ನು ಅಂಗಡಿಯಲ್ಲೇ ಇಟ್ಟಿದ್ದರು."

ಅಂಗಡಿಯಲ್ಲೇ, ಎಂದರೆ ಮುಂದಿನದನ್ನು ಹೇಳಬೇಕಾಗಿರಲಿಲ್ಲ. ನೀಲಾ ಕಾರಿನ ಬಾಗಿಲನ್ನು ಹಿಡಿದುಕೊಂಡಳು.

"ಅವರು ನಿನ್ನನ್ನು ಕೇಳುತ್ತಾರೆ, ಆ ದಿನ ಯಾಕೆ ಬರಲಿಲ್ಲ ಅಂತ," ಎಂದಳು ರೀಮ್. "ಏನು ಹೇಳುತ್ತೀಯೋ ನಿನಗೆ ಬಿಟ್ಟಿದ್ದು."

ಮುಸ್ತಫಾ ಸಬೂನಿ ಇಳಿದುಹೋಗಿದ್ದರು. ಕಾರ್ಡಿಗನ್ನಿನ ತೋಳು ಬೆರಳಿನವರೆಗೆ ಬರುತ್ತಿತ್ತು. ಆದರೂ ನೀಲಾಳನ್ನು ಕಂಡ ಕೂಡಲೇ ಸೋಫಾದಿಂದ ಎದ್ದು ಎದೆಯ ಮೇಲೆ ಕೈಯಿಟ್ಟು, "ಸಾಬೂನು" ಎಂದರು. ಸಾಬೂನ್ ಅಲ್ಲ, ಕೊನೆಯ ಉಕಾರವನ್ನೂ ಬಿಡದೆ, ಅವಳು ಹೇಳಿಕೊಟ್ಟ ಹಾಗೆ.

ಸಣ್ಣ ಗಾಜಿನ ಲೋಟಗಳು ಬಂದವು. ಅವರು ಅರಬ್ಬಿಯಲ್ಲಿ ಹೇಳುತ್ತ ಹೋದರು, ರೀಮ್ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು. ಆ ದಿನ ಪೇಟೆಯ ಬಾಗಿಲು ಹಾಕುವ ತನಕ ಕಾದರಂತೆ. ನಾಳೆ ಎನ್ನುವುದನ್ನು ತಾವೇ ತಪ್ಪಾಗಿ ಹೇಳಿರಬಹುದೆಂದು ಅದರ ಮರುದಿನವೂ ಗಂಟು ತಂದು ಕಾದರಂತೆ. ದಾರದ ಅಂಗಡಿಯವರು ಬಿಡುತ್ತಾರೆಯೇ? ಅಲ್ಲಿಂದ ಮುಂದೆ ಓಣಿಯಲ್ಲಿ ಯಾರು ತಡಮಾಡಿದರೂ, ಇಂಡಿಯಾದವಳು ಬಂದ ಹಾಗೆ ಬರುತ್ತಾನೆ ಎನ್ನುವುದೇ ಮಾತಾಯಿತಂತೆ. ಹೇಳುತ್ತ ಮುಸ್ತಫಾ ತಾವೇ ನಕ್ಕರು. ಫೋರ್ ಎಸ್ ರ್ಯಾಂಚಿನಲ್ಲಿ ನಗುತ್ತಿದ್ದ ಅದೇ ಕಥೆಗೆ ಅಲೆಪ್ಪೊದ ಓಣಿಯಲ್ಲೂ ನಗುತ್ತಿದ್ದರು. ಅಲ್ಲಿ ನಗೆಪಾಟಲಾದವರು ಇವರು.

"ನಾನು ಓಣಿಯವರ ಜೊತೆ ಜಗಳವಾಡಿದೆ ಅನ್ನುತ್ತಿದ್ದಾರೆ," ಎಂದಳು ರೀಮ್. "ಸಾಬೂನಿಗೆ ಸಾಬೂನೆನ್ನುವವಳು ಮಾತು ತಪ್ಪುವವಳಲ್ಲ, ಅವಳಿಗೆ ಏನೋ ಆಗಿರಬೇಕು ಎಂದೆ, ಅನ್ನುತ್ತಿದ್ದಾರೆ."

ಆಮೇಲೆ ಅವರು ಲೋಟ ಕೆಳಗಿಟ್ಟು ನೀಲಾಳ ಕಡೆಗೆ ತಿರುಗಿ ಮೆತ್ತಗೆ ಒಂದು ಪ್ರಶ್ನೆ ಕೇಳಿದರು. ಆರೋಪದ ದನಿಯಲ್ಲ, ಮನೆಯ ಹುಡುಗಿಯ ಆರೋಗ್ಯ ಕೇಳುವ ದನಿ.

"ಆ ದಿನ ನಿನಗೆ ಏನಾಯಿತು ಅಂತ," ಎಂದಳು ರೀಮ್.

ಅಜ್ಜಿಯ ಕಥೆ ನಾಲಿಗೆಯ ತುದಿಯಲ್ಲೇ ಇತ್ತು. ಆರು ವರ್ಷ ಹೇಳಿ ಹೇಳಿ ನಯವಾಗಿತ್ತು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಗು ಬರುತ್ತದೆ ಎಲ್ಲ ಗೊತ್ತಿತ್ತು. ಇವರೂ ನಗುತ್ತಿದ್ದರು. "ನಮ್ಮ ಭಾಷೆಯಲ್ಲಿ..." ಎಂದು ಶುರುಮಾಡಿದಳು. ರೀಮ್ ಅವಳನ್ನೇ ನೋಡುತ್ತಿದ್ದಳು. ನೀಲಾಳಿಗೆ ಮುಂದೆ ಹೋಗಲಾಗಲಿಲ್ಲ.

"ನನಗೆ ಭಯವಾಯಿತು," ಎಂದಳು. "ನಿಮ್ಮ ಗಂಟಿನ ಭಯ. ಅದರಲ್ಲಿ ಏನಿದೆಯೋ, ಏರ್‌ಪೋರ್ಟಿನಲ್ಲಿ ಏನು ಕೇಳುತ್ತಾರೋ ಅಂತ. ಆ ದಿನ ನಾನು ಪೇಟೆಗೆ ಬಂದಿದ್ದೆ. ನೀವು ಗಂಟು ಹಿಡಿದು ಕೂತದ್ದನ್ನು ಹಗ್ಗದ ಅಂಗಡಿಯ ಹಿಂದೆ ನಿಂತು ನೋಡಿದೆ. ನೋಡಿ ಹೊರಟುಹೋದೆ."

ಹಗ್ಗದ ಅಂಗಡಿಯ ವಿಷಯ ರೀಮಳಿಗೂ ಗೊತ್ತಿರಲಿಲ್ಲ. ಅವಳು ಲೋಟದೊಳಗೆ ನೋಡುತ್ತ ಕೂತಳು. ಅಪ್ಪ ಕಾಯುತ್ತಿದ್ದರು. ಕೊನೆಗೆ ಅವಳು ಅರಬ್ಬಿಯಲ್ಲಿ ಹೇಳಿದಳು. ನಾಲ್ಕೇ ನಾಲ್ಕು ಪದ. ನೀಲಾ ಹೇಳಿದ್ದು ಅಷ್ಟರಲ್ಲಿ ಹಿಡಿಸುವಂತಿರಲಿಲ್ಲ.

ಮುಸ್ತಫಾ ಅವರ ಮುಖ ಅರಳಿತು, ಒಡನೆಯೇ ಕುಂದಿತು. ಅಂಗೈಯಿಂದ ಹೊಟ್ಟೆ ತಟ್ಟಿಕೊಂಡು, ತಮ್ಮ ಇಪ್ಪತ್ತು ಇಂಗ್ಲಿಷ್ ಮಾತುಗಳಲ್ಲಿ ಹುಡುಕಿ ಹುಡುಕಿ ತೆಗೆದರು. "ಹಲಬ್ ವಾಟರ್. ಗೆಸ್ಟ್, ನೋ ಗುಡ್." ಹಲಬ್ ಎಂದರೆ ಅವರ ಬಾಯಲ್ಲಿ ಅಲೆಪ್ಪೊ. ಆಮೇಲೆ ಚಹಾದ ಲೋಟ ತೋರಿಸಿ, ತಮ್ಮ ಎದೆ ತೋರಿಸಿ, ಅವಳ ಮುಂದೆ ತಲೆ ಬಗ್ಗಿಸಿದರು. "ಮೈ ಟೀ. ಸಾರಿ. ಸಾರಿ."

ತಮ್ಮ ಚಹಾ ಕುಡಿದು ಅವಳು ಕಾಯಿಲೆ ಬಿದ್ದಳೆಂದು ಅವರು ಅವಳ ಕ್ಷಮೆ ಕೇಳುತ್ತಿದ್ದರು. ನೀಲಾಳಿಗೆ ನೆಲ ಬಾಯ್ಬಿಡಬಾರದೇ ಎನ್ನಿಸಿತು.

"ರೀಮ್, ನಾನು ಹೇಳಿದ್ದನ್ನೇ ಹೇಳು."

"ಹೇಳುವುದಿಲ್ಲ," ಎಂದಳು ರೀಮ್, ಅಪ್ಪನಿಗೆ ತಿಳಿಯದಷ್ಟು ಬೇಗ ಬೇಗ. "ಮನೆ ಹೋಯಿತು, ಅಂಗಡಿ ಹೋಯಿತು, ಅಮ್ಮ ಹೋದಳು. ದಾರದ ಅಂಗಡಿಯವರೂ ಇಲ್ಲ. ಆ ಜಗಳದಲ್ಲಿ ತಾವೇ ಸರಿ ಎನ್ನುವುದೊಂದು ಅಪ್ಪನಿಗೆ ಉಳಿದಿದೆ. ನಿನ್ನ ಮನಸ್ಸು ಹಗುರವಾಗಲಿ ಎಂದು ಅದನ್ನು ಕೊಡಲಾರೆ. ಚಹಾ ಕುಡಿ."

ನೀಲಾ ಕುಡಿದಳು. ಎರಡನೆಯದನ್ನೂ ಕುಡಿದಳು, ಮೂರನೆಯದನ್ನೂ. ಮುಸ್ತಫಾ ಪ್ರತಿ ಸಲ ಬಗ್ಗಿಸುವ ಮುಂಚೆ ನೀರು ಕುದಿದಿದೆ, ಚೆನ್ನಾಗಿ ಕುದಿದಿದೆ ಎಂದು ಕೈಸನ್ನೆ ಮಾಡಿ ತೋರಿಸಿದರು.

ಹೊರಡುವಾಗ ಅವರು ಬಾಗಿಲ ತನಕ ಬಂದರು. ಎದೆಯ ಮೇಲೆ ಕೈಯಿಟ್ಟು, ಕಣ್ಣಲ್ಲಿ ನಗು ತಂದುಕೊಂಡು, "ಟುಮಾರೋ?" ಎಂದರು. ಹಳೆಯ ಗೆಳೆಯರ ನಡುವಿನ ತಮಾಷೆ ಎಂಬಂತೆ.

"ಐ ವಿಲ್" ಎನ್ನುವುದು ಹಲ್ಲಿನ ತನಕ ಬಂತು. ರೀಮ್ ಬಾಗಿಲು ಹಿಡಿದು ಅವಳ ಬಾಯನ್ನೇ ನೋಡುತ್ತಿದ್ದಳು. ಇನ್ನೊಂದು ಸಲ ಆ ಮಾತು ಇವರಿಗೆ ಕೊಡಬಾರದು, ಇಷ್ಟಾದರೂ ನಿಜ ಹೇಳಬೇಕು ಎಂದುಕೊಂಡಳು ನೀಲಾ. ಹುಟ್ಟಿದಾಗಿನಿಂದ ಯಾರ ಹೊಸ್ತಿಲಲ್ಲೂ ಆಡದ ಮಾತು ಅವಳ ಬಾಯಿಂದ ಬಂತು.

"ಹೋಗ್ತೀನಿ."

ಅದು ಅವಳ ಊರಿನ ಬೀಳ್ಕೊಳ್ಳುವ ಮಾತೆಂದು ಮುಸ್ತಫಾ ಸಬೂನಿಯವರಿಗೆ ತೋಚಿತು. ಸಾಬೂನು ಕಲಿತ ಹಾಗೇ ಇದನ್ನೂ ಕಲಿಯಲು ನಿಂತರು. "ಹೋಗ್... ಹೋಗ್ತಿನಿ" ಎಂದರು. ತಪ್ಪಾಯಿತೆಂದು ತಾವೇ ತಲೆಯಾಡಿಸಿ, ಎದೆಯ ಮೇಲಿನ ಕೈ ತೆಗೆಯದೆ, ಮತ್ತೊಮ್ಮೆ ನಿಧಾನವಾಗಿ, ಕಕ್ಕುಲತೆಯಿಂದ ಅಂದರು. "ಹೋಗ್ತೀನಿ."

ಹಾಗನ್ನಬಾರದು, ಒಳಗೆ ಬಂದು ಕೂತುಕೊಳ್ಳಿ, ಒಂದು ಗುಟುಕು ನೀರು ಕುಡಿಯಿರಿ, ಬರ್ತೀನಿ ಅನ್ನಿ ಎಂದು ಹೇಳಲು ನೀಲಾಳಿಗೆ ಬಾಯಿ ಬರಲಿಲ್ಲ. ಆ ಮಾತನ್ನು ಈ ಮನೆಯಲ್ಲಿ ಯಾವ ಮುಖದಿಂದ ಹೇಳಿಕೊಡುವುದು? ಮುದುಕರು ಸರಿಯಾಯಿತೇ ಎಂದು ಅವಳ ಮುಖವನ್ನೇ ನೋಡುತ್ತ ನಿಂತಿದ್ದರು.

ನೀಲಾ ಹೌದೆಂದು ಗೋಣು ಆಡಿಸಿದಳು.